ಕೋವಿಡ್ ಬಂದು ಹೋದ ಮೇಲೆ ವೀರ್ಯ ಪರೀಕ್ಷೆ: ಕಡಿಮೆ ಬಂದರೆ ಹೆದರಬೇಕಾ, ಕಾಯಬೇಕಾ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಹತ್ತಿರವೂ ಕೇಳೋಕೆ ಆಗದ ವಿಷಯ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ 34, ಹೆಂಡತಿಗೆ 31. ಮಗುವಿಗಾಗಿ ಒಂದು ವರ್ಷದಿಂದ ಕಾಯುತ್ತಿದ್ದೇವೆ. ಈ ನಡುವೆ ನನಗೆ ಕೋವಿಡ್ ಬಂತು. ಆಸ್ಪತ್ರೆಗೆ ಸೇರುವಷ್ಟೇನೂ ಇರಲಿಲ್ಲ. ಆದರೆ ಜ್ವರ ಮಾತ್ರ 102, 103 ಡಿಗ್ರಿ ಏರಿ ಕೆಲವು ದಿನ ಇಳಿಯಲೇ ಇಲ್ಲ. ಅದು ಬಿಟ್ಟು ಒಂದು ತಿಂಗಳ ಮೇಲೆ ಮೊದಲ ಸಲ ವೀರ್ಯ ಪರೀಕ್ಷೆ ಮಾಡಿಸಿದೆ.

ರಿಪೋರ್ಟ್ ಹೀಗಿದೆ. ಪ್ರಮಾಣ 1.8 ಮಿ.ಲೀ. ಒಂದು ಮಿ.ಲೀ.ಗೆ 90 ಲಕ್ಷ ವೀರ್ಯಾಣು. ಮುಂದಕ್ಕೆ ಚಲಿಸುವವು ಶೇ. 17. ಸರಿಯಾದ ಆಕಾರದವು ಶೇ. 3. ಒಂದು ಕ್ಲಿನಿಕ್‌ಗೆ ತೋರಿಸಿದೆವು. ಐದು ನಿಮಿಷವೂ ಮಾತಾಡಲಿಲ್ಲ. ಸಹಜವಾಗಿ ಆಗೋದು ಕಷ್ಟ, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿ ಅಂದರು. ಖರ್ಚಿನ ಪಟ್ಟಿ ಕೈಗೆ ಕೊಟ್ಟರು. ಈಚೆಗೆ ಜ್ವರ ಬಂದಿತ್ತಾ ಅಂತ ಯಾರೂ ಕೇಳಲಿಲ್ಲ.

ಇದು ಕೋವಿಡ್‌ನಿಂದ ಆಗಿದ್ದಾ? ಮೊದಲಿನ ಹಾಗೆ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ.

ಲ್ಯಾಬ್ ಬೆಂಚು, ಮೈಸೂರು

ನಾನು ಲ್ಯಾಬ್ ಟೆಕ್ನಾಲಜಿಸ್ಟ್. ದಿನಾ ಇದೇ ಸ್ಯಾಂಪಲ್ ನೋಡುವ ಕೆಲಸ. ಮೊದಲು ಆ ಅಂಕಿಗಳನ್ನು ಸರಿಯಾಗಿ ಓದೋಣ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಹೀಗಿದೆ. ಪ್ರಮಾಣ 1.4 ಮಿ.ಲೀ. ಒಂದು ಮಿ.ಲೀ.ಗೆ 1.6 ಕೋಟಿ. ಒಟ್ಟು 3.9 ಕೋಟಿ. ಮುಂದಕ್ಕೆ ಚಲಿಸುವವು ಶೇ. 30. ಆಕಾರ ಶೇ. 4. ಈ ಗೆರೆ ಎಲ್ಲಿಂದ ಬಂತು ಗೊತ್ತಾ? ಪ್ರಯತ್ನ ಶುರು ಮಾಡಿ ಒಂದು ವರ್ಷದೊಳಗೆ ಹೆಂಡತಿ ಬಸುರಿಯಾದ ಗಂಡಸರ ವೀರ್ಯವನ್ನು ಅಳೆದು, ಅವರಲ್ಲಿ ಅತಿ ಕಡಿಮೆ ಇದ್ದ ಶೇ. 5 ಜನರ ಹತ್ತಿರ ಗೆರೆ ಎಳೆದಿದ್ದಾರೆ. ಅಂದರೆ ಈ ಗೆರೆಯ ಕೆಳಗೆ ಇದ್ದವರೂ ಅಪ್ಪ ಆಗಿದ್ದಾರೆ. ಕೆಳಗೆ ಬಂದರೆ ಕಷ್ಟ ಜಾಸ್ತಿ, ಅಷ್ಟೇ. ಬಾಗಿಲು ಮುಚ್ಚಿತು ಅಂತ ಅರ್ಥ ಮಾಡಿಕೊಳ್ಳಬೇಡಿ.

ಇನ್ನೊಂದು. ಒಂದೇ ರಿಪೋರ್ಟ್ ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಒಬ್ಬನೇ ಮನುಷ್ಯನ ಕೌಂಟ್, ಅಂದರೆ ವೀರ್ಯಾಣು ಸಂಖ್ಯೆ, ವಾರದಿಂದ ವಾರಕ್ಕೆ ದುಪ್ಪಟ್ಟು ಏರುತ್ತದೆ, ಅರ್ಧಕ್ಕೆ ಇಳಿಯುತ್ತದೆ. ಇದನ್ನು ನಾನು ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ನೋಡುತ್ತಿರುತ್ತೇನೆ. ಜ್ವರ ಬಂದು ಹೋದವರ ಸ್ಲೈಡ್ ನೋಡಿದರೆ ಬೇಜಾರಾಗುತ್ತದೆ. ಚೌಕದೊಳಗೆ ಅಲ್ಲೊಂದು ಇಲ್ಲೊಂದು ವೀರ್ಯಾಣು. ಅದರಲ್ಲೂ ಬಹಳಷ್ಟು ನಿಂತಲ್ಲೇ ಬಾಲ ಅಲ್ಲಾಡಿಸುತ್ತಿರುತ್ತವೆ, ಮುಂದೆ ಹೋಗುವುದಿಲ್ಲ. ಅದೇ ಮನುಷ್ಯ ಮೂರು ನಾಲ್ಕು ತಿಂಗಳ ಮೇಲೆ ಬಂದಾಗ ಅದೇ ಚೌಕ ತುಂಬಿ ಓಡಾಡುವುದನ್ನೂ ನೋಡಿದ್ದೇನೆ. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ಹೇಳಲಾರೆ. ಆದರೆ ಆಗುತ್ತದೆ.

ಯೂರೋ ಡಾಕ್ಟರ್, ಹುಬ್ಬಳ್ಳಿ

ಪರೀಕ್ಷೆ ಮಾಡದೆ ಒಬ್ಬರ ಬಗ್ಗೆ ತೀರ್ಪು ಕೊಡೋದು ತಪ್ಪು, ಹಾಗಾಗಿ ಸಾಮಾನ್ಯವಾಗಿ ಹೇಳುತ್ತೇನೆ.

ವೃಷಣಗಳು ಹೊಟ್ಟೆಯ ಹೊರಗೆ ಇರೋದಕ್ಕೆ ಕಾರಣ ಇದೆ. ವೀರ್ಯಾಣು ತಯಾರಾಗಲು ಮೈಯ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಜೋರು ಜ್ವರ ಬಂದಾಗ ಆ ತಂಪು ಹೋಗುತ್ತದೆ. ಡೆಂಗ್ಯೂ ಇರಲಿ, ಫ್ಲೂ ಇರಲಿ, ಕೋವಿಡ್ ಇರಲಿ, ಈ ಪೆಟ್ಟು ಒಂದೇ. ಒಂದು ವೀರ್ಯಾಣು ಮೊದಲ ಹಂತದಿಂದ ತಯಾರಾಗಲು ಸುಮಾರು 74 ದಿನ. ಆಮೇಲೆ ವೃಷಣದ ಹಿಂದಿರುವ ನಾಳದಲ್ಲಿ ಬಲಿತು ಹೊರಗೆ ಬರಲು ಇನ್ನೂ ಒಂದೆರಡು ವಾರ. ಒಟ್ಟು ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ಭತ್ತದ ಬೆಳೆ ಇದ್ದ ಹಾಗೆ. ಹೂ ಬಿಡುವ ಹೊತ್ತಿಗೆ ಗಾಳಿ ಮಳೆ ಹೊಡೆದರೆ ಆ ಬೆಳೆ ಜೊಳ್ಳಾಗುತ್ತದೆ. ಗದ್ದೆ ಚೆನ್ನಾಗಿದ್ದರೆ ಮುಂದಿನ ಬೆಳೆ ಬರುತ್ತದೆ. ನೀವು ಜ್ವರ ಬಿಟ್ಟ ಒಂದು ತಿಂಗಳಿಗೆ ಪರೀಕ್ಷೆ ಮಾಡಿಸಿದ್ದೀರಿ. ಅಂದರೆ ಪೆಟ್ಟು ತಿಂದ ಬೆಳೆಯನ್ನೇ ಅಳೆದಿದ್ದಾರೆ.

ಕೋವಿಡ್‌ನಲ್ಲಿ ಜ್ವರದ ಜೊತೆ ಬೇರೆ ಸಂಗತಿಗಳೂ ಇವೆ. ಈ ವೈರಸ್ ಜೀವಕೋಶದ ಒಳಗೆ ಹೋಗಲು ಹಿಡಿಯುವ ಕೊಂಡಿಗೆ ಏಸ್-2 ಅಂತ ಹೆಸರು. ಅದು ಶ್ವಾಸಕೋಶದಲ್ಲಿ ಇದ್ದ ಹಾಗೆ ವೃಷಣದ ಜೀವಕೋಶಗಳಲ್ಲೂ ಇದೆ. 2020ರಲ್ಲಿ ವುಹಾನ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ 12 ಗಂಡಸರ ವೃಷಣಗಳನ್ನು ಪರೀಕ್ಷೆ ಮಾಡಿದರು. ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಊದಿಕೊಂಡಿದ್ದವು. ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಮಾಡುವ ಲೇಡಿಗ್ ಕೋಶಗಳು ಕಡಿಮೆಯಾಗಿದ್ದವು. ಸ್ವಲ್ಪ ಉರಿಯೂತವೂ ಇತ್ತು. ಆದರೆ ಅವರು ತೀವ್ರ ಕಾಯಿಲೆಯಲ್ಲಿ ಸತ್ತವರು. ಮನೆಯಲ್ಲೇ ಮಲಗಿ ವಾಸಿಯಾದವರಿಗೂ ಅಷ್ಟೇ ಆಗಿರುತ್ತದೆ ಅಂದುಕೊಳ್ಳಬೇಡಿ.

ನನ್ನ ಮಾತು ಇಷ್ಟೇ. ಜ್ವರ ಬಿಟ್ಟು ಮೂರು ತಿಂಗಳು ತುಂಬಲಿ. ಇನ್ನೊಂದು ಪರೀಕ್ಷೆ ಮಾಡಿಸಿ. ಆಮೇಲೆ ಐವಿಎಫ್ ಮಾತು.

ಅಂಕಿಅಂಶ, ಬೆಂಗಳೂರು

ಡಾಕ್ಟರ್ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಬೆಲ್ಜಿಯಂನಲ್ಲಿ 120 ಗಂಡಸರ ಮೇಲೆ ಒಂದು ಅಧ್ಯಯನ ಆಯಿತು. 2022ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ ಆಸ್ಪತ್ರೆ ಬೇಕಾಗಿರಲಿಲ್ಲ, ಅಂದರೆ ನಮ್ಮ ನಿಮ್ಮಂಥವರೇ. ಸೋಂಕು ತಗುಲಿ ಒಂದು ತಿಂಗಳೊಳಗೆ ಪರೀಕ್ಷೆ ಮಾಡಿಸಿದವರಲ್ಲಿ ಶೇ. 60 ಮಂದಿಗೆ ಚಲನೆ ಕಡಿಮೆ ಇತ್ತು. ಒಂದರಿಂದ ಎರಡು ತಿಂಗಳಲ್ಲಿ ಮಾಡಿಸಿದವರಲ್ಲಿ ಶೇ. 37. ಎರಡು ತಿಂಗಳು ದಾಟಿದವರಲ್ಲಿ ಶೇ. 28. ಕೌಂಟ್ ನೋಡಿದರೆ ಇದೇ ಕ್ರಮದಲ್ಲಿ ಶೇ. 37, 29, ಆಮೇಲೆ ಬರೀ 6.

ಕೌಂಟ್ ಬೇಗ ಏರುತ್ತದೆ, ಚಲನೆ ನಿಧಾನವಾಗಿ ಸರಿಹೋಗುತ್ತದೆ. ಎಲ್ಲರೂ ಅಷ್ಟೊತ್ತಿಗೆ ಸರಿಹೋಗಿರಲಿಲ್ಲ ಅನ್ನೋದೂ ಅಲ್ಲೇ ಇದೆ. ಮತ್ತೊಂದು ವಿಷಯ, ಡಾಕ್ಟರ್ ಇದಕ್ಕೆ ಉತ್ತರ ಹೇಳಬೇಕು. ಆ ಅಧ್ಯಯನದಲ್ಲಿ ಜ್ವರ ಬಂದವರಿಗೂ ಬರದವರಿಗೂ ವೀರ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಎಲ್ಲವನ್ನೂ ಜ್ವರದ ಮೇಲೆ ಹಾಕೋದು ಸರಿಯಾ?

ಯೂರೋ ಡಾಕ್ಟರ್, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ. ಜ್ವರ ಒಂದು ಕಾರಣ, ಏಕೈಕ ಕಾರಣ ಅನ್ನೋಕೆ ಆಗೋದಿಲ್ಲ. ಸೋಂಕಿಗೆ ನಮ್ಮ ದೇಹ ಉತ್ತರ ಕೊಡುವಾಗ ಎಲ್ಲ ಕಡೆ ಉರಿಯೂತದ ರಾಸಾಯನಿಕಗಳು ಏರುತ್ತವೆ. ವೃಷಣದ ಒಳಗಿನ ಕಾವಲು ಗೋಡೆ ಅದರಿಂದ ದುರ್ಬಲವಾಗುತ್ತದೆ. ಆಕ್ಸಿಡೇಟಿವ್ ಒತ್ತಡ ವೀರ್ಯಾಣುವಿನ ಪೊರೆಯನ್ನೇ ತಿನ್ನುತ್ತದೆ. ಜೊತೆಗೆ ಔಷಧಿ, ಊಟ, ನಿದ್ದೆ, ಚಿಂತೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ವಾಸಿಯಾದ 43 ಗಂಡಸರನ್ನು ನೋಡಿದಾಗ 8 ಜನರ ವೀರ್ಯದಲ್ಲಿ ವೀರ್ಯಾಣು ಒಂದೂ ಇರಲಿಲ್ಲ, 3 ಜನರಲ್ಲಿ ಬಹಳ ಕಡಿಮೆ ಇತ್ತು. ಕಾಯಿಲೆ ಜೋರಾಗಿದ್ದವರಲ್ಲೇ ಇದು ಹೆಚ್ಚು. ಹಾಗಾಗಿ ಐಸಿಯುಗೆ ಹೋಗಿ ಬಂದವರು ಮೂರು ತಿಂಗಳಿಗೇ ಸುಮ್ನೆ ಬಿಡಬಾರದು, ಆಮೇಲೂ ಪರೀಕ್ಷೆ ಮಾಡಿಸುತ್ತಿರಬೇಕು.

ಹಾಸನದ ಸೊಸೆ

ನಾನು ಹೆಣ್ಣು ಮಗಳು, ಇಲ್ಲಿ ಬರೆಯಬಹುದಾ ಅಂತ ಯೋಚನೆ ಮಾಡಿದೆ. ಬರೆದೇ ಬಿಡುತ್ತೇನೆ.

ನಮಗೆ ಮಕ್ಕಳಾಗಲಿಲ್ಲ ಅಂತ ನನ್ನನ್ನು ಊರೂರು ಸುತ್ತಿಸಿದರು. ಪ್ರತಿ ತಿಂಗಳು ಸ್ಕ್ಯಾನ್. ಗರ್ಭನಾಳಕ್ಕೆ ಬಣ್ಣದ ನೀರು ಹಾಕಿ ಎಕ್ಸ್‌ರೇ ತೆಗೆಯುತ್ತಾರಲ್ಲ, ಅದರ ನೋವು ಅನುಭವಿಸಿದವರಿಗೇ ಗೊತ್ತು. ಹೊಟ್ಟೆಗೆ ತೂತು ಮಾಡಿ ಲ್ಯಾಪ್ರೊಸ್ಕೋಪಿ ಕೂಡ ಮಾಡಿದರು. ಹರಕೆ, ಉಪವಾಸ, ನಾಗಪ್ರತಿಷ್ಠೆ, ಯಾವುದೂ ಬಿಟ್ಟಿಲ್ಲ. ಮದುವೆ ಮನೆಗೆ ಹೋದರೆ ಬಾಗಿನ ಕೊಡುವಾಗ ನನ್ನನ್ನು ದಾಟಿ ಮುಂದಿನವರಿಗೆ ಕೊಡುತ್ತಿದ್ದರು. ಇಷ್ಟೆಲ್ಲ ಆಗುವಾಗ ನನ್ನ ಗಂಡನಿಗೆ ಒಂದೇ ಒಂದು ವೀರ್ಯ ಪರೀಕ್ಷೆ ಆಗಿರಲಿಲ್ಲ. ಅವರು ಎರಡನೇ ಅಲೆಯಲ್ಲಿ ಆಕ್ಸಿಜನ್ ಮೇಲೆ ಇದ್ದು ಬಂದವರು. ಕೊನೆಗೆ ಒಬ್ಬ ಲೇಡಿ ಡಾಕ್ಟರ್ ನನ್ನ ಫೈಲ್ ಮುಚ್ಚಿಟ್ಟು ‘ಮೊದಲು ಅವರನ್ನು ಕರ್ಕೊಂಡು ಬಾ’ ಅಂದರು.

ಕೌಂಟ್ ತೀರಾ ಕಡಿಮೆ ಇತ್ತು. ಕೋವಿಡ್‌ನಿಂದಾನಾ, ಮೊದಲೇ ಇತ್ತಾ ಅಂತ ಈಗ ತಿಳಿಯೋಕೆ ದಾರಿ ಇಲ್ಲ. ಯಾಕಂದ್ರೆ ಮೊದಲು ನೋಡೇ ಇರಲಿಲ್ಲ.

ತುಂಗಾತೀರ ಅವರೇ, ನೀವು ನಿಮ್ಮದನ್ನು ಮೊದಲು ಮಾಡಿಸಿದ್ದೀರಿ. ನಿಮ್ಮ ಹೆಂಡತಿ ಪರವಾಗಿ ನಾನು ನಿಮಗೆ ಕೈ ಮುಗಿಯುತ್ತೇನೆ.

ತುಂಗಾತೀರ, ಶಿವಮೊಗ್ಗ

ಅಕ್ಕಾ, ನಿಮ್ಮ ಮಾತು ಓದಿ ಮನಸ್ಸು ತುಂಬಿ ಬಂತು. ಮನೆಯಲ್ಲಿ ಅಮ್ಮನೂ ಹೆಂಡತಿಯನ್ನೇ ಕೇಳೋಕೆ ಶುರು ಮಾಡಿದ್ದಾರೆ. ಈ ಭಾನುವಾರ ಕೂತು ಹೇಳುತ್ತೇನೆ, ಕಾರಣ ನನ್ನ ಕಡೆಯೂ ಇರಬಹುದು ಅಂತ.

ಯೂರೋ ಡಾಕ್ಟರ್, ಹುಬ್ಬಳ್ಳಿ

ಹಾಸನದ ಅಕ್ಕ ಹೇಳಿದ್ದಕ್ಕೆ ಒಂದು ಮಾತು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ, ಒಂದೋ ಅದೊಂದೇ, ಇಲ್ಲ ಹೆಣ್ಣಿನ ಕಾರಣದ ಜೊತೆ ಸೇರಿ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಇದನ್ನು ಬಿಟ್ಟು ಹೆಂಗಸಿನ ಹೊಟ್ಟೆಗೆ ಕೈ ಹಾಕುವುದು ನ್ಯಾಯವೇ ಅಲ್ಲ. ನನ್ನ ಹತ್ತಿರ ಬರುವ ಜೋಡಿಗಳಿಗೆ ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಮರಳುಗಾಡು, ದುಬೈ

ನಾನು ಉಡುಪಿ ಕಡೆಯವನು, ಕೆಲಸ ಇಲ್ಲಿ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಅಂತ ಎಲ್ಲರೂ ಧೈರ್ಯ ಹೇಳುತ್ತಿದ್ದೀರಿ. ಆದರೆ 2023ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಯುರೋಪಿನ ಸಂತಾನ ವೈದ್ಯರ ಸಮ್ಮೇಳನದಲ್ಲಿ ಸ್ಪೇನ್‌ನವರು ಮಂಡಿಸಿದ್ದನ್ನು ಓದಿ ನನಗೆ ಗಾಬರಿಯಾಯಿತು. 45 ಗಂಡಸರು. ಕೋವಿಡ್‌ಗೆ ಮೊದಲಿನ ರಿಪೋರ್ಟ್‌ಗೂ ನಂತರದ್ದಕ್ಕೂ ನಡುವೆ ಸುಮಾರು 238 ದಿನ. ಎಲ್ಲರಿಗೂ ಲಘು ಕೋವಿಡ್ ಅಷ್ಟೇ. ಆದರೂ ಒಟ್ಟು ವೀರ್ಯಾಣು ಸಂಖ್ಯೆ ಶೇ. 37ರಷ್ಟು ಇಳಿದಿತ್ತು. ಸೋಂಕು ಬಂದು 100 ದಿನ ದಾಟಿದವರಲ್ಲೂ ಸುಧಾರಣೆ ಕಾಣಲಿಲ್ಲ ಅಂದರು. ಇದಕ್ಕೆ ಏನಂತೀರಿ?

ಅಂಕಿಅಂಶ, ಬೆಂಗಳೂರು

ಇದನ್ನು ತಳ್ಳಿಹಾಕೋ ಹಾಗಿಲ್ಲ. ಒಬ್ಬನದೇ ಹಿಂದಿನ ಮತ್ತು ಮುಂದಿನ ಸ್ಯಾಂಪಲ್ ಹೋಲಿಸಿದ್ದಾರೆ, ಅದು ಅದರ ಬಲ. ಆದರೆ ಎರಡು ವಿಷಯ ಗಮನಿಸಿ. 45 ಸಣ್ಣ ಸಂಖ್ಯೆ. ಮತ್ತೆ ಅವರೆಲ್ಲ ಸಂತಾನ ಚಿಕಿತ್ಸೆಯ ಕ್ಲಿನಿಕ್‌ಗೆ ಬಂದವರು, ಊರಿನ ಸಾಮಾನ್ಯ ಗಂಡಸರ ಪ್ರತಿನಿಧಿ ಅನ್ನೋಕೆ ಬರೋದಿಲ್ಲ. ಶೇ. 37 ಇಳಿದ ಮೇಲೂ ಕೌಂಟ್ ಒಳ್ಳೆಯದೇ ಇರಬಹುದು. 10 ಕೋಟಿ ಇದ್ದದ್ದು 6.3 ಕೋಟಿ ಆದರೆ ಮಗುವಾಗೋಕೆ ಸಾಕಷ್ಟು ಇದೆ. 3 ಕೋಟಿ ಇದ್ದದ್ದು 1.9 ಕೋಟಿ ಆದರೆ ಕಷ್ಟ. ಮೊದಲೇ ಅಂಚಿನಲ್ಲಿ ಇದ್ದವರಿಗೆ ಕೋವಿಡ್ ಜಾಸ್ತಿ ಕಾಡುತ್ತದೆ ಅಂತ ನನಗೆ ಅನ್ನಿಸುವುದು ಇದಕ್ಕೇ.

ಕೌಂಟ್ ಬಿಟ್ಟು ನಿಜವಾಗಿ ಬಸುರಾಗುವುದನ್ನೇ ಲೆಕ್ಕ ಹಾಕಿದ ಅಧ್ಯಯನವೂ ಇದೆ. ಅಮೆರಿಕದ ಬೋಸ್ಟನ್ ವಿಶ್ವವಿದ್ಯಾಲಯದ್ದು, 2022ರ ಜನವರಿಯಲ್ಲಿ ಬಂತು. ಅಮೆರಿಕ ಮತ್ತು ಕೆನಡಾದ ಎರಡು ಸಾವಿರಕ್ಕೂ ಹೆಚ್ಚು ಜೋಡಿಗಳು. ಗಂಡನಿಗೆ ಸೋಂಕು ಬಂದ 60 ದಿನದೊಳಗಿನ ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಶೇ. 18ರಷ್ಟು ಕಡಿಮೆ ಇತ್ತು. ಅದಕ್ಕಿಂತ ಹಳೆಯ ಸೋಂಕಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಇದೇ ಹೆಚ್ಚು ಭರವಸೆ ಕೊಡುವ ಲೆಕ್ಕ. ಕೊನೆಗೆ ಎಲ್ಲರಿಗೂ ಬೇಕಾಗಿರೋದು ಮಗು ಅಲ್ವಾ?

ಬಯಲುಸೀಮೆ, ಗದಗ

ನೇರವಾಗಿ ಕೇಳುತ್ತೇನೆ, ಯಾರೂ ಬೇಜಾರಾಗಬೇಡಿ. ನಮ್ಮೂರಲ್ಲಿ ಬಹಳ ಮಂದಿ ಹೇಳೋದು, ಇದೆಲ್ಲ ಲಸಿಕೆಯಿಂದ ಆಗಿದ್ದು, ಕೋವಿಡ್ ಹೆಸರು ಹೇಳುತ್ತಿದ್ದಾರೆ ಅಂತ. ನನ್ನ ತಮ್ಮ ಇದೇ ಭಯಕ್ಕೆ ಎರಡನೇ ಡೋಸ್ ಹಾಕಿಸಿಕೊಳ್ಳಲಿಲ್ಲ. ಅವನಿಗೆ ಏನು ಹೇಳಲಿ?

ಅಂಕಿಅಂಶ, ಬೆಂಗಳೂರು

ಕೇಳಿದ್ದು ಒಳ್ಳೆಯದಾಯಿತು. ಈ ಭಯ ಲಸಿಕೆ ಶುರುವಾಗುವ ಮೊದಲೇ ಹುಟ್ಟಿತ್ತು. 2021ರ ಜನವರಿ 3ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್‌ಗೆ ಒಪ್ಪಿಗೆ ಕೊಟ್ಟ ದಿನವೇ ದೇಶದ ಔಷಧ ನಿಯಂತ್ರಕರಾಗಿದ್ದ ವಿ.ಜಿ. ಸೋಮಾನಿ ಅವರಿಗೆ ನಪುಂಸಕತೆಯ ಪ್ರಶ್ನೆ ಎದುರಾಯಿತು. ಅದು ಶುದ್ಧ ಸುಳ್ಳು ಅಂತ ಅವರು ಉತ್ತರಿಸಿದರು. ಪೋಲಿಯೊ ಹನಿ ಹಾಕುವಾಗಲೂ ಇದೇ ಪುಕಾರು ಎದ್ದಿತ್ತು, ಹಿರಿಯರಿಗೆ ನೆನಪಿರುತ್ತದೆ.

ಬಾಯಿಮಾತು ಬೇಡ, ಅಳೆದದ್ದನ್ನೇ ನೋಡೋಣ. ಮಿಯಾಮಿಯಲ್ಲಿ 45 ಆರೋಗ್ಯವಂತ ಗಂಡಸರ ವೀರ್ಯವನ್ನು ಲಸಿಕೆಗೆ ಮೊದಲು ಒಮ್ಮೆ, ಎರಡನೇ ಡೋಸ್ ಆಗಿ ಸುಮಾರು 70 ದಿನ ಕಳೆದು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಮಿ.ಲೀ.ಗೆ 2.6 ಕೋಟಿ ಇದ್ದದ್ದು 3 ಕೋಟಿ ಆಗಿತ್ತು. ಇಳಿಯಲಿಲ್ಲ. ಅದು ಎಂಆರ್‌ಎನ್‌ಎ ಲಸಿಕೆ, ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡದ್ದು ಬೇರೆ ಬಗೆಯದ್ದು, ಅದನ್ನೂ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಬೋಸ್ಟನ್ ಅಧ್ಯಯನದಲ್ಲೂ ಗಂಡನಾಗಲಿ ಹೆಂಡತಿಯಾಗಲಿ ಲಸಿಕೆ ತಗೊಂಡಿದ್ದಕ್ಕೆ ಗರ್ಭ ನಿಲ್ಲುವುದು ಕಡಿಮೆಯಾಗಲಿಲ್ಲ. ಕಡಿಮೆಯಾಗಿದ್ದು ಗಂಡನಿಗೆ ಕಾಯಿಲೆ ಬಂದಾಗ.

ಲ್ಯಾಬ್ ಬೆಂಚು, ಮೈಸೂರು

ಲಸಿಕೆ ಹಾಕಿಸಿಕೊಂಡು ಒಂದು ದಿನ ಜ್ವರ ಬಂದರೆ ಸ್ವಲ್ಪ ದಿನ ಕೌಂಟ್‌ನಲ್ಲಿ ಏರುಪೇರು ಆಗಬಹುದು. ಆದರೆ ಕೋವಿಡ್‌ನ ಜ್ವರದ ಮುಂದೆ ಅದು ಏನೂ ಅಲ್ಲ. ನಿಮ್ಮ ತಮ್ಮನಿಗೆ ಇದನ್ನೂ ಹೇಳಿ.

ಬಯಲುಸೀಮೆ, ಗದಗ

ಸರಿ. ಕೂತು ಮಾತಾಡುತ್ತೇನೆ. ಅವನು ಡಾಕ್ಟರ್ ಮಾತಿಗಿಂತ ಅಣ್ಣನ ಮಾತು ಜಾಸ್ತಿ ಕೇಳುತ್ತಾನೆ.

ಹೆಸರು ಬೇಡ

ವಿಷಯ ಸ್ವಲ್ಪ ಬೇರೆ. ನನಗೆ 46. ಮಕ್ಕಳಿದ್ದಾರೆ. 2021ರ ಮೇ ತಿಂಗಳಲ್ಲಿ ಕೋವಿಡ್ ಜೋರಾಗಿ ಆಸ್ಪತ್ರೆಯಲ್ಲಿದ್ದೆ. ಸ್ಟಿರಾಯ್ಡ್ ಕೊಟ್ಟರು, ಜೀವ ಉಳಿಯಿತು. ಮನೆಗೆ ಬಂದ ಮೇಲೆ ಶುಗರ್ ಇದೆ ಅಂತ ಗೊತ್ತಾಯಿತು. ಆಗಿನಿಂದ ಹೆಂಡತಿ ಜೊತೆ ಮೊದಲಿನ ಹಾಗೆ ಇರೋಕೆ ಆಗುತ್ತಿಲ್ಲ. ಆಸೆ ಇದೆ, ಆದರೆ ಗಡಸುತನ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಅವಳು ಏನೂ ಅನ್ನೋದಿಲ್ಲ. ನಾನೇ ಬೇರೆ ಕೋಣೆಯಲ್ಲಿ ಮಲಗೋಕೆ ಶುರು ಮಾಡಿದ್ದೇನೆ. ವಯಸ್ಸಾಯಿತು ಅಂತ ಬಿಟ್ಟುಬಿಡಬೇಕಾ?

ಯೂರೋ ಡಾಕ್ಟರ್, ಹುಬ್ಬಳ್ಳಿ

ಬಿಡಬಾರದು. 46 ಅಂಥ ವಯಸ್ಸೇ ಅಲ್ಲ. ನೀವು ಬರೆದಿದ್ದಕ್ಕೆ ಥ್ಯಾಂಕ್ಸ್, ಇದನ್ನು ಓದಿ ಇನ್ನೂ ಹತ್ತು ಜನ ಡಾಕ್ಟರ್ ಹತ್ತಿರ ಹೋಗುತ್ತಾರೆ.

ನಿಮಿರುವಿಕೆ ಅನ್ನೋದು ರಕ್ತನಾಳದ ಕೆಲಸ. ಕೋವಿಡ್ ಶ್ವಾಸಕೋಶದ ಕಾಯಿಲೆ ಅಂತ ನಾವು ಅಂದುಕೊಂಡಿದ್ದೆವು. ಅದು ರಕ್ತನಾಳದ ಒಳಪದರಕ್ಕೂ ಪೆಟ್ಟು ಕೊಡುತ್ತದೆ. ಇಟಲಿಯಲ್ಲಿ ಕೋವಿಡ್ ಬಂದ 25 ಮತ್ತು ಬರದ 75 ಗಂಡಸರನ್ನು ಹೋಲಿಸಿದರು. ಬಂದವರಲ್ಲಿ ಶೇ. 28 ಮಂದಿಗೆ ಈ ತೊಂದರೆ ಇತ್ತು, ಬರದವರಲ್ಲಿ ಶೇ. 9. ಸಣ್ಣ ಅಧ್ಯಯನ, ಆದರೆ ದಿಕ್ಕು ತೋರಿಸುತ್ತದೆ. ಮಿಯಾಮಿಯ ವೈದ್ಯರು ಇಂಥ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇಬ್ಬರ ಶಿಶ್ನದ ಅಂಗಾಂಶದಲ್ಲಿ ವೈರಸ್ ಕಣಗಳನ್ನೇ ಕಂಡರು, ಅದೂ ಸೋಂಕು ಬಂದು ಎಷ್ಟೋ ತಿಂಗಳಾದ ಮೇಲೆ.

ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವುದು ಶುಗರ್. ಅದು ಹಿಡಿತದಲ್ಲಿ ಇಲ್ಲದಿದ್ದರೆ ನರವೂ ಹಾಳು, ರಕ್ತನಾಳವೂ ಹಾಳು. ಆಮೇಲೆ ಬಿಪಿ, ಕೊಲೆಸ್ಟ್ರಾಲ್, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಟೆಸ್ಟೋಸ್ಟೆರಾನ್ ಪರೀಕ್ಷೆ. ಹೃದಯವನ್ನೂ ಕೇಳಿ ನೋಡಬೇಕು. ಶಿಶ್ನದ ರಕ್ತನಾಳ ಒಂದೆರಡು ಮಿ.ಮೀ. ಅಗಲ, ಹೃದಯದ್ದು ಮೂರ್ನಾಲ್ಕು ಮಿ.ಮೀ. ಕಿರಿದಾದದ್ದು ಮೊದಲು ಕಟ್ಟುತ್ತದೆ. ಈ ತೊಂದರೆ ಬಂದ ಎಷ್ಟೋ ಜನರಿಗೆ ಕೆಲವು ವರ್ಷದಲ್ಲಿ ಹೃದಯದ ತೊಂದರೆ ಕಾಣಿಸುವುದು ಇದಕ್ಕೇ. ಒಳ್ಳೆಯ ಮಾತ್ರೆಗಳಿವೆ. ಆದರೆ ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅವನ್ನು ಮುಟ್ಟಲೇಬಾರದು, ಬಿಪಿ ಅಪಾಯಕ್ಕೆ ಇಳಿಯುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನುಂಗಬೇಡಿ.

ಇನ್ನೊಂದು ಮಾತು, ಡಾಕ್ಟರ್ ಆಗಿ ಹೇಳುವುದಕ್ಕಿಂತ ಸ್ನೇಹಿತನಾಗಿ. ಕೋಣೆ ಬೇರೆ ಮಾಡಬೇಡಿ. ಕಾರಣ ಏನು ಅಂತ ನಿಮ್ಮ ಹೆಂಡತಿಗೆ ಹೇಳಿ. ಮುಂದಿನ ಸಲ ಜೊತೆಯಲ್ಲೇ ಬನ್ನಿ.

ಜಿಮ್ ಗೆಳೆಯ, ದಾವಣಗೆರೆ

ಕೋವಿಡ್ ಆದ ಮೇಲೆ ಸುಸ್ತು ಅಂತ ನಮ್ಮ ಜಿಮ್‌ನಲ್ಲಿ ಒಬ್ಬ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುತ್ತಿದ್ದಾನೆ. ಕೋವಿಡ್‌ನಿಂದ ಅದು ಕಡಿಮೆಯಾಗುತ್ತದೆ, ಹೊರಗಿಂದ ಹಾಕಿದರೆ ವೀರ್ಯವೂ ಜಾಸ್ತಿ ಆಗುತ್ತದೆ ಅನ್ನುತ್ತಾನೆ. ಅವನಿಗೆ ಹೋದ ವರ್ಷ ಮದುವೆ ಆಗಿದೆ. ಇದು ನಿಜವಾ?

ಯೂರೋ ಡಾಕ್ಟರ್, ಹುಬ್ಬಳ್ಳಿ

ಮೊದಲರ್ಧ ನಿಜ, ಎರಡನೆಯದು ಪೂರ್ತಿ ಉಲ್ಟಾ. ಇಂದೇ ಅವನಿಗೆ ಹೇಳಿ.

ಕಾಯಿಲೆಯ ಹೊತ್ತಿನಲ್ಲಿ ಟೆಸ್ಟೋಸ್ಟೆರಾನ್ ಇಳಿಯುವುದು ಹೌದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2021ರಲ್ಲಿ 90 ಗಂಡಸರನ್ನು ನೋಡಿದರು. ಆಸ್ಪತ್ರೆಗೆ ಬಂದ ದಿನ ಕಾಯಿಲೆ ಲಘುವಾಗಿದ್ದವರಲ್ಲಿ ಅದು ರಕ್ತದ ಒಂದು ಡೆಸಿಲೀಟರ್‌ಗೆ 151 ನ್ಯಾನೋಗ್ರಾಂ ಇತ್ತು, ತೀವ್ರವಾಗಿದ್ದವರಲ್ಲಿ ಬರೀ 53. ಅಲ್ಲಿ 250ಕ್ಕಿಂತ ಕಡಿಮೆ ಅಂದರೆ ಕೊರತೆ ಅಂತಲೇ ಲೆಕ್ಕ. ಮೈ ಚೇತರಿಸಿಕೊಂಡಂತೆ ಹೆಚ್ಚಿನವರಲ್ಲಿ ತಾನಾಗಿ ಏರುತ್ತದೆ.

ಹೊರಗಿಂದ ಚುಚ್ಚಿದರೆ ಆಗುವುದೇ ಬೇರೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಬೇಕಾದಷ್ಟು ಇದೆ ಅಂತ ಮಿದುಳು ತಿಳಿಯುತ್ತದೆ. ವೃಷಣಕ್ಕೆ ಕೆಲಸ ಮಾಡು ಅಂತ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಎರಡನ್ನೂ ನಿಲ್ಲಿಸುತ್ತದೆ. ವೃಷಣದ ಒಳಗೆ ತಯಾರಿಕೆ ನಿಲ್ಲುತ್ತದೆ. ಕೌಂಟ್ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದ ಮೇಲೆ ವಾಪಸ್ ಬರೋಕೆ ಆರು ತಿಂಗಳು, ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಕೋವಿಡ್ ಮಾಡದ ಹಾನಿಯನ್ನು ಈ ಸೂಜಿ ಮಾಡಿ ಮುಗಿಸುತ್ತದೆ. ಮಗು ಬೇಕು ಅನ್ನುವ ಯಾವ ಗಂಡಸೂ ಇದನ್ನು ಮುಟ್ಟಬಾರದು.

ಮರಳುಗಾಡು, ದುಬೈ

ಒಂದು ಸಣ್ಣ ಪ್ರಶ್ನೆ. ವೀರ್ಯದ ಮೂಲಕ ಹೆಂಡತಿಗೆ ವೈರಸ್ ಹೋಗುತ್ತದಾ? ರಜೆಗೆ ಊರಿಗೆ ಹೊರಟಿದ್ದೇನೆ, ಮೊನ್ನೆಯಷ್ಟೇ ಕೋವಿಡ್‌ನಿಂದ ಎದ್ದಿದ್ದೇನೆ.

ಅಂಕಿಅಂಶ, ಬೆಂಗಳೂರು

2020ರಲ್ಲಿ ಚೀನಾದ ಶಾಂಗ್‌ಚಿಯು ಆಸ್ಪತ್ರೆಯಲ್ಲಿ 38 ಜನರ ವೀರ್ಯ ನೋಡಿದಾಗ 6 ಜನರಲ್ಲಿ ವೈರಸ್‌ನ ಗುರುತು ಸಿಕ್ಕಿತ್ತು. ಆಗ ದೊಡ್ಡ ಸುದ್ದಿ. ಆಮೇಲೆ ಬಂದ ಬಹುಪಾಲು ಅಧ್ಯಯನಗಳಲ್ಲಿ ಸಿಗಲಿಲ್ಲ. ನಮ್ಮ ಪಾಟ್ನಾದ ಏಮ್ಸ್‌ನಲ್ಲೂ 30 ಗಂಡಸರನ್ನು ನೋಡಿದರು, ಒಬ್ಬರ ವೀರ್ಯದಲ್ಲೂ ವೈರಸ್ ಇರಲಿಲ್ಲ. ಪೂರ್ತಿ ವಾಸಿಯಾಗಿದ್ದರೆ ಆ ಭಯ ಬೇಡ. ಇನ್ನೂ ಕೆಮ್ಮು ನೆಗಡಿ ಇದ್ದರೆ ಒಂದೇ ಕೋಣೆಯ ಉಸಿರಿನಿಂದಲೇ ಹರಡುತ್ತದೆ, ವೀರ್ಯದ ಮಾತೇ ಬೇಡ.

ಪಾಟ್ನಾದ ಅಧ್ಯಯನ ನಮಗೆ ಮುಖ್ಯ. ಅಲ್ಲಿ ನೋಡಿದ್ದು ನಮ್ಮ ದೇಶದವರನ್ನೇ, 2020ರ ಅಕ್ಟೋಬರ್‌ನಿಂದ 2021ರ ಏಪ್ರಿಲ್ ನಡುವೆ ಬಂದ 19ರಿಂದ 45 ವರ್ಷದವರನ್ನು. ಮೊದಲ ಪರೀಕ್ಷೆಯಲ್ಲಿ 12 ಜನರ ಕೌಂಟ್ ಕಡಿಮೆ ಇತ್ತು. 74 ದಿನ ಬಿಟ್ಟು ನೋಡಿದಾಗ 3 ಜನರದ್ದು ಮಾತ್ರ ಕಡಿಮೆ ಉಳಿದಿತ್ತು. ಆದರೆ ಒಟ್ಟಾರೆ ಗುಣಮಟ್ಟ ಆಗಲೂ ಪೂರ್ತಿ ಮೇಲೆ ಬಂದಿರಲಿಲ್ಲ ಅಂತ ಬರೆದಿದ್ದಾರೆ. ಐಐಟಿ ಬಾಂಬೆ ಮತ್ತು ಮುಂಬೈನ ಜಸ್ಲೋಕ್ ಆಸ್ಪತ್ರೆಯವರು ಇನ್ನೂ ಆಳಕ್ಕೆ ಹೋದರು. ವಾಸಿಯಾದ 17 ಮತ್ತು ಕೋವಿಡ್ ಬಾರದ 10 ಗಂಡಸರ ವೀರ್ಯದ ಪ್ರೋಟೀನ್‌ಗಳನ್ನು ಹೋಲಿಸಿದರು. ಫಲವತ್ತತೆಗೆ ಸಂಬಂಧಪಟ್ಟ ಎರಡು ಪ್ರೋಟೀನ್ ಅರ್ಧಕ್ಕಿಂತ ಕಡಿಮೆಯಾಗಿದ್ದವು. ಸಣ್ಣ ಸಂಖ್ಯೆಗಳು, ನಿಜ. ಇದನ್ನೇ ಐದು ವರ್ಷ, ಹತ್ತು ವರ್ಷ ಹಿಂಬಾಲಿಸಿ ನೋಡುವವರು ಬೇಕು. ಕೋಟಿಗಟ್ಟಲೆ ಜನರಿಗೆ ಕೋವಿಡ್ ಬಂದ ದೇಶ ನಮ್ಮದು. ಇಷ್ಟು ಕಡಿಮೆ ಜನರ ಮೇಲೆ ಅಳೆದು ಸುಮ್ಮನಾಗುವುದು ನನಗೆ ತುಂಬಾ ಬೇಸರದ ವಿಷಯ.

ತುಂಗಾತೀರ, ಶಿವಮೊಗ್ಗ

ಓದಿ ಎಷ್ಟೋ ಸಮಾಧಾನ ಆಯಿತು. ಡಾಕ್ಟರ್, ಕಾಯುವ ಈ ಸಮಯದಲ್ಲಿ ಏನು ಮಾಡಲಿ? ಹೆಂಡತಿ ವಯಸ್ಸು ದಾಟುತ್ತದೆ ಅಂತಲೂ ಭಯ.

ಯೂರೋ ಡಾಕ್ಟರ್, ಹುಬ್ಬಳ್ಳಿ

31ಕ್ಕೆ ಎರಡು ತಿಂಗಳು ಕಾಯುವುದರಿಂದ ಏನೂ ಕೆಡುವುದಿಲ್ಲ. ಹೆಂಡತಿಯ ಸರಳ ಪರೀಕ್ಷೆಗಳನ್ನು ಈಗಲೇ ಮಾಡಿಸಿಕೊಳ್ಳಿ, ಅದಕ್ಕೆ ನಿಮ್ಮ ರಿಪೋರ್ಟ್ ಕಾಯಬೇಕಿಲ್ಲ. 35 ದಾಟಿದವರಾಗಿದ್ದರೆ ಇಷ್ಟು ನಿಧಾನ ಬೇಡ ಅನ್ನುತ್ತಿದ್ದೆ. ನಡುವೆ ಪ್ರಯತ್ನ ನಿಲ್ಲಿಸಬೇಡಿ, 90 ಲಕ್ಷದಲ್ಲೂ ಮಗು ಆಗುತ್ತದೆ. ಯೂರಾಲಜಿಸ್ಟ್ ಹತ್ತಿರ ಒಮ್ಮೆ ಕೈಯಿಂದ ಪರೀಕ್ಷೆ ಮಾಡಿಸಿಕೊಳ್ಳಿ. ವೃಷಣದ ಮೇಲೆ ಊದಿಕೊಂಡ ರಕ್ತನಾಳ ಇದ್ದರೆ, ಅದನ್ನು ವೇರಿಕೋಸೀಲ್ ಅನ್ನುತ್ತಾರೆ, ಕೋವಿಡ್ ಮೇಲೆ ತಪ್ಪು ಹೊರಿಸಿ ಅದನ್ನು ಮರೆತುಬಿಡುತ್ತೇವೆ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಬಿಡಿ. ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಬೇಡ. ಕೌಂಟ್ ಏರಿಸುತ್ತೇವೆ ಅಂತ ಮಾರುವ ಪುಡಿ ಲೇಹ್ಯಕ್ಕೆ ದುಡ್ಡು ಸುರಿಯಬೇಡಿ.

ಹಾಸನದ ಸೊಸೆ

ಮತ್ತೆ ಎರಡನೇ ಪರೀಕ್ಷೆಗೆ ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ರಿಪೋರ್ಟ್ ಇಬ್ಬರೂ ಒಟ್ಟಿಗೆ ಓದಿ.

ಲ್ಯಾಬ್ ಬೆಂಚು, ಮೈಸೂರು

ಎರಡನೇ ಸಲ ಬರುವಾಗ ಇದನ್ನು ನೆನಪಿಟ್ಟುಕೊಳ್ಳಿ. ಮೊದಲ ಸಲ ಮಾಡಿಸಿದ ಲ್ಯಾಬ್‌ನಲ್ಲೇ ಮಾಡಿಸಿದರೆ ಹೋಲಿಸೋಕೆ ಸುಲಭ. ಅದಕ್ಕೆ ಮೊದಲು ಎರಡು ದಿನಕ್ಕಿಂತ ಕಡಿಮೆ ಅಲ್ಲ, ಏಳು ದಿನಕ್ಕಿಂತ ಜಾಸ್ತಿ ಅಲ್ಲ, ವೀರ್ಯ ಹೊರಹಾಕದೆ ಅಷ್ಟು ಬಿಡುವು ಇರಲಿ. ಜಾಸ್ತಿ ದಿನ ತಡೆದರೆ ಕೌಂಟ್ ಏರಬಹುದು, ಆದರೆ ಚಲನೆ ಇಳಿಯುತ್ತದೆ. ಮಾಮೂಲಿ ಕಾಂಡೋಮ್‌ನಲ್ಲಿ ಸ್ಯಾಂಪಲ್ ತರಬೇಡಿ, ಎಣ್ಣೆ, ಜೆಲ್, ಎಂಜಲು ಯಾವುದೂ ತಾಗಬಾರದು. ಎಲ್ಲ ಡಬ್ಬಿಗೇ ಬೀಳಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಜಾಸ್ತಿ, ಅದು ಚೆಲ್ಲಿದರೆ ಮುಚ್ಚಿಡದೆ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಿಸಿ, ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ತನ್ನಿ, ಎಸಿ ಗಾಳಿಗೆ ಹಿಡಿಯಬೇಡಿ.

ಫಾರಂನಲ್ಲಿ ಕಳೆದ ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ ಅಂತ ಒಂದು ಸಾಲು ಇರುತ್ತದೆ. ಬಹಳ ಜನ ಖಾಲಿ ಬಿಡುತ್ತಾರೆ. ಅಲ್ಲಿ ಜ್ವರ ಬಿಟ್ಟ ತಾರೀಖು ಬರೆಯಿರಿ. ನಿಮ್ಮ ಫಾರಂನಲ್ಲಿ ಆ ಸಾಲು ಇಲ್ಲದಿದ್ದರೆ ಮೂಲೆಯಲ್ಲಿ ಕೈಯಿಂದ ಬರೆದು ಕೊಡಿ.